ಉಸಿರಿಲ್ಲದ ಮುಸುಕು

"ಅದನ್ನ ಮುಟ್ಟಬೇಡಿ ಮೇಡಂ. ಅದು ಕಂಪನಿ ಆಸ್ತಿ."

ತನಿಖಾಧಿಕಾರಿ ತಿರುಗಿಯೂ ನೋಡಲಿಲ್ಲ. ವಿಮಾನದ ಬಾಲದ ಕಡೆಯ ಪುಟ್ಟ ಅಡುಗೆಕೋಣೆಯಲ್ಲಿ, ನೊರೆಯೂ ಮಸಿಯೂ ಕಲಸಿ ಹೆಪ್ಪುಗಟ್ಟಿದ್ದ ನೆಲದ ಮೇಲೆ ಮಂಡಿಯೂರಿ, ಕಾಫಿ ಯಂತ್ರದ ಹಿಂದಿನ ತಗಡನ್ನು ಇಕ್ಕಳದಿಂದ ಹಿಡಿದು ಜಗ್ಗಿದಳು. ತಗಡು ಕಿರ್ರೆಂದು ಕಳಚಿ ಬಂತು. ಅದರ ಹಿಂದೆ ತಂತಿಗಳ ದಪ್ಪ ಕಟ್ಟೊಂದು ಕರಗಿ, ಮತ್ತೆ ಗಟ್ಟಿಯಾಗಿ, ಕರಿಯ ಮುದ್ದೆಯಾಗಿ ಕೂತಿತ್ತು.

"ಇಲ್ಲಿ ಸತ್ತವಳೂ ಕಂಪನಿ ಆಸ್ತೀನಾ?" ಎಂದಳು, ಮುಖವನ್ನು ತಂತಿಯ ಹತ್ತಿರ ಒಯ್ದು ಮೂಸುತ್ತಾ.

ಮೂಸುವುದು ಅವಳ ಅಭ್ಯಾಸ. ಸುಟ್ಟದ್ದು ರಬ್ಬರೋ, ಬಟ್ಟೆಯೋ, ಬ್ಯಾಟರಿಯೋ ಎಂದು ಪ್ರಯೋಗಾಲಯ ಹೇಳುವ ಮೊದಲೇ ಹೇಳಿಬಿಡುತ್ತಿದ್ದಳಾದ್ದರಿಂದ ಇಲಾಖೆಯವರು ಅವಳಿಗೆ ಮೂಗಮ್ಮ ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿ, ಪಾಪ ಮಾತು ಬಾರದ ಹೆಂಗಸಿರಬೇಕು ಅಂದುಕೊಂಡವರು ಒಮ್ಮೆ ಅವಳ ಬಾಯಿಗೆ ಸಿಕ್ಕಿದರೆ ಸಾಕು, ಜನ್ಮದಲ್ಲಿ ಮತ್ತೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ.

ಬೆನ್ನ ಹಿಂದೆ ನಿಂತಿದ್ದವನು ವಿಮಾನ ಕಂಪನಿಯ ಸುರಕ್ಷತಾ ಮುಖ್ಯಸ್ಥ. ಅಂಗಿಯ ತೋಳಿನ ಇಸ್ತ್ರಿ ಮಡಿಕೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಅವನ ಕೈಕೆಳಗಿನವರೇ ನಗುತ್ತಿದ್ದರು. ಎದುರಿಗೆ ಸಾರ್, ಹಿಂದಿನಿಂದ ಇಸ್ತ್ರಿ.

ಮೊನ್ನೆ ಆಕಾಶದಲ್ಲಿದ್ದಾಗಲೇ ಈ ಅಡುಗೆಕೋಣೆಯಲ್ಲಿ ಹೊಗೆ ಎದ್ದು, ವಿಮಾನ ಹೇಗೋ ನೆಲ ಮುಟ್ಟಿ, ಪ್ರಯಾಣಿಕರೆಲ್ಲ ಬದುಕಿ, ಬೆಂಕಿ ಆರಿಸಲು ನುಗ್ಗಿದ ಹಿರಿಯ ಗಗನಸಖಿ ಮಾತ್ರ ಸತ್ತಿದ್ದಳು. ಅವಳ ಮೈ ತಣ್ಣಗಾಗುವ ಮೊದಲೇ ಕಂಪನಿ ಪತ್ರಿಕೆಗಳಿಗೆ ಎರಡು ಮಾತು ಹೇಳಿ ಕೈ ತೊಳೆದುಕೊಂಡಿತ್ತು. ಒಂದು, ಬೆಂಕಿ ಹತ್ತಿದ್ದು ಕೊನೆಯ ಸಾಲಿನಲ್ಲಿ ಕೂತಿದ್ದ ಗಡಿಯಾರ ರಿಪೇರಿಯ ಮುದುಕನ ಚೀಲದಲ್ಲಿದ್ದ ಬ್ಯಾಟರಿಯಿಂದ. ಇನ್ನೊಂದು, ಗಗನಸಖಿ ಹೊಗೆ ಮುಸುಕನ್ನು ತಪ್ಪಾಗಿ ಹಾಕಿಕೊಂಡು ಸತ್ತಳು. ಅಂದೇ ಪೊಲೀಸರು ಮುದುಕನನ್ನು ಠಾಣೆಗೆ ಒಯ್ದು ಕೂರಿಸಿದ್ದರು.

ಮೂಗಮ್ಮ ಎದ್ದು ನಿಂತಳು. "ಇದು ತಂತಿಯ ವಾಸನೆ. ಬೆಂಕಿ ಹುಟ್ಟಿದ್ದು ಇಲ್ಲಿ, ನಿಮ್ಮ ಕಾಫಿ ಯಂತ್ರದ ಬೆನ್ನಲ್ಲಿ."

"ಅದನ್ನ ಪ್ರಯೋಗಾಲಯ ಹೇಳ್ಲಿ ಮೇಡಂ. ಮೂಗು ಸಾಕ್ಷಿ ಆಗಲ್ಲ."

"ಆಯ್ತು, ಮೂಗು ಬಿಡಿ. ಕಣ್ಣಿದೆಯಲ್ಲ?" ಅವಳು ಸಾಕ್ಷ್ಯದ ಪೆಟ್ಟಿಗೆಯಿಂದ ಮುದುಕನ ಚರ್ಮದ ಚೀಲವನ್ನು ಹೊರತೆಗೆದಳು. ಹೊರಗೆಲ್ಲ ಸುಟ್ಟು ಸೀದು ಹೋಗಿತ್ತು. ಬಾಯಿ ಬಿಡಿಸಿ ಒಳಗಿನದನ್ನು ಒಂದೊಂದಾಗಿ ಟ್ರಾಲಿಯ ಮೇಲೆ ಇಟ್ಟಳು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಗುಂಡಿಯಷ್ಟು ಚಿಕ್ಕ ಬ್ಯಾಟರಿಗಳ ಪಟ್ಟಿ, ಹೊಳಪೂ ಮಾಸಿರಲಿಲ್ಲ. ಮಡಿಸಿಟ್ಟ ಉಣ್ಣೆಯ ಟೋಪಿ.

"ಒಳಗಿಂದ ಹೊತ್ತಿಕೊಂಡ ಚೀಲದಲ್ಲಿ ಈ ಉಣ್ಣೆ ಟೋಪಿಗೆ ಒಂದು ಎಳೆನೂ ಸುಟ್ಟಿಲ್ಲ. ಹೇಗ್ರೀ ಸಾಧ್ಯ? ಬೆಂಕಿ ಟೋಪಿಗೆ ದಾರಿ ಬಿಟ್ಟುಕೊಟ್ಟು ಹೋಯ್ತಾ?"

ಪಕ್ಕದಲ್ಲಿ ಚಿತ್ರ ತೆಗೆಯುತ್ತಿದ್ದ ಪೊಲೀಸ್ ಛಾಯಾಗ್ರಾಹಕ ಕ್ಯಾಮೆರಾದ ಹಿಂದೆ ನಗು ಅಡಗಿಸಿಕೊಂಡ. ಇಸ್ತ್ರಿ ನಗಲಿಲ್ಲ, ಬೆವರಲೂ ಇಲ್ಲ. ಮಾತು ಬದಲಿಸಿದ.

"ಬೆಂಕಿ ಎಲ್ಲಾದ್ರೂ ಹುಟ್ಟಿರ್ಲಿ. ಆಕೆ ಸತ್ತಿದ್ದು ಬೆಂಕಿಯಿಂದ ಅಲ್ಲವಲ್ಲ. ಮುಸುಕು ಅರ್ಧ ತಲೆಗೆ ಸಿಕ್ಕಿಕೊಂಡಿತ್ತು. ಪಾಪ, ಗಾಬರಿ ಬಿದ್ದಿದ್ದಾಳೆ. ಹೆಣ್ಣುಮಕ್ಕಳು..."

"ಮುಂದೆ ಹೇಳಿ. ಹೆಣ್ಣುಮಕ್ಕಳು?"

ಅವನು ಅಂಗಿಯ ತೋಳಿನ ಮಡಿಕೆ ಸರಿಮಾಡಿಕೊಂಡ.

ಮೂಗಮ್ಮನ ಕಿವಿಯಲ್ಲಿ ಬೆಳಿಗ್ಗೆ ಗಗನಸಖಿಯ ತಾಯಿ ಆಡಿದ ಮಾತು ಇನ್ನೂ ಕೊರೆಯುತ್ತಿತ್ತು. ಆ ತಾಯಿ ಅತ್ತಿರಲಿಲ್ಲ. ಮಗಳ ಸಮವಸ್ತ್ರಗಳನ್ನು ಮಡಿಸಿ ಮಡಿಸಿ ಇಡುತ್ತಾ, "ನನ್ನ ಮಗಳಿಗೆ ಕೆಲಸ ಬರ್ತಿರ್ಲಿಲ್ಲ ಅಂತ ಪೇಪರ್‌ನಲ್ಲಿ ಹಾಕಿದಾರಮ್ಮ. ಸತ್ತಿದ್ದನ್ನ ಹೇಗೋ ತಡ್ಕೋತೀನಿ, ಇದನ್ನ ಹೇಗೆ ತಡ್ಕೊಳ್ಳಲಿ?" ಎಂದಿದ್ದಳು.

"ಕಂಪನಿಗೆ ಸೇರೋ ಪ್ರತಿ ಹುಡುಗಿಗೂ ಮುಸುಕು ಹಾಕೋದು ಕಲಿಸ್ತಿದ್ದೋಳು ಅವಳೇ," ಎಂದಳು ಮೂಗಮ್ಮ. ದನಿ ಏರಿಸಲಿಲ್ಲ. ಅವಳಿಗೆ ನಿಜವಾಗಿ ಸಿಟ್ಟು ಬಂದಾಗ ದನಿ ಇಳಿಯುತ್ತಿತ್ತು. "ಊರಿಗೆಲ್ಲ ಕಲಿಸಿದೋಳು ತಾನೇ ಮರೆತುಬಿಟ್ಟಳು ಅಂತೀರಾ?"

"ಮನುಷ್ಯರಲ್ವಾ ಮೇಡಂ? ತಪ್ಪಾಗುತ್ತೆ. ಉಪಕರಣ ಮಾತ್ರ ತಪ್ಪು ಮಾಡಲ್ಲ. ನಮ್ಮ ಒಂದೊಂದು ಮುಸುಕೂ ಹೊಸದು, ಪರೀಕ್ಷೆ ಆಗಿರೋದು."

"ಬನ್ನಿ ಹಾಗಾದ್ರೆ."

ಅವಳು ದಾಪುಗಾಲು ಹಾಕುತ್ತಾ ಖಾಲಿ ಆಸನಗಳ ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದಳು. ಮೇಲಿಂದ ಜೋತುಬಿದ್ದ ಆಮ್ಲಜನಕದ ಹಳದಿ ಬಟ್ಟಲುಗಳು ಅವಳ ಭುಜ ತಾಗಿ ಗಡಿಯಾರದ ಲೋಲಕದಂತೆ ಓಲಾಡಿದವು. ಆಸನದ ಮೇಲೆ ಯಾರದೋ ಕನ್ನಡಕ, ಯಾರದೋ ಒಂಟಿ ಚಪ್ಪಲಿ. ಬಾಲದ ಕಡೆಯ ಗೋಡೆಗಳಿಗೆ ಹಿಡಿದಿದ್ದ ಮಸಿ ಮುಂದೆ ಬಂದಂತೆ ತೆಳುವಾಗುತ್ತಾ, ಮೂತಿಯ ಬಳಿ ಎಲ್ಲ ಬೆಳ್ಳಗೆ ಶುಭ್ರವಾಗಿತ್ತು.

ಮುಂದಿನ ಬಾಗಿಲ ಪಕ್ಕದ ಡಬ್ಬಿಯನ್ನು ತೆರೆದು ಬೆಳ್ಳಿಬಣ್ಣದ ಪೊಟ್ಟಣವೊಂದನ್ನು ತೆಗೆದಳು. ಹೊಗೆ ಮುಸುಕು ಅಂದರೆ ಇಷ್ಟೇ: ತಲೆಯಿಂದ ಕತ್ತಿನವರೆಗೆ ಇಳಿಯುವ ಪಾರದರ್ಶಕ ಚೀಲ, ಹಿಂಭಾಗದಲ್ಲಿ ಚಿಕ್ಕ ಡಬ್ಬಿ. ಹಾಕಿಕೊಂಡು ದಾರ ಎಳೆದರೆ ಡಬ್ಬಿ ಸುಯ್ಯೆಂದು ಆಮ್ಲಜನಕ ಕೊಡುತ್ತದೆ. ಹೊಗೆಯ ಮಧ್ಯೆ ನಿಂತು ಬೆಂಕಿ ಆರಿಸುವಷ್ಟು ಹೊತ್ತು ಜೀವ ಹಿಡಿದಿಡುತ್ತದೆ.

"ಈ ಅಂಚು ನೋಡಿ," ಎಂದು ಪೊಟ್ಟಣವನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕಾರ್ಖಾನೆಯ ಯಂತ್ರ ಒತ್ತಿದ ನೇರವಾದ ಬೆಸುಗೆಯ ಗುರುತು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅದರ ಕೆಳಗೆ ಇನ್ನೊಂದು ಬೆಸುಗೆ, ಸೊಟ್ಟಗೆ, ಎಲ್ಲೋ ಆತುರದಲ್ಲಿ ಕೈಯಿಂದ ಒತ್ತಿದಂಥದ್ದು. "ಒಂದು ಸಲ ಬಿಚ್ಚಿ ಮತ್ತೆ ಮುಚ್ಚಿದ್ದಾರೆ. ಸತ್ತವಳ ಮುಸುಕಿನ ಪೊಟ್ಟಣದಲ್ಲೂ ಹೀಗೇ ಇತ್ತು."

"ಸಾಗಿಸುವಾಗ ಹಾಗಾಗಿರಬಹುದು."

"ಆಗಿರಬಹುದು. ಹಾಕ್ಕೊಳ್ಳಿ."

"ಏನು?"

"ಹೊಸದು, ಪರೀಕ್ಷೆ ಆಗಿರೋದು ಅಂದ್ರಲ್ಲ. ಇಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ. ಸುಮ್ನೆ ಹಾಕ್ಕೊಂಡು ದಾರ ಎಳೀರಿ. ನಾನು ನೋಡ್ತೀನಿ, ಇವರು ಚಿತ್ರ ತೆಗೀತಾರೆ."

ಇಸ್ತ್ರಿ ಪೊಟ್ಟಣವನ್ನು ನೋಡಿದ. ಬಾಗಿಲನ್ನು ನೋಡಿದ. "ನನಗೆ... ಅಲರ್ಜಿ ಇದೆ ಮೇಡಂ. ಪ್ಲಾಸ್ಟಿಕ್ ಅಂದ್ರೆ."

"ಪ್ಲಾಸ್ಟಿಕ್ ಅಲರ್ಜಿ ಇರೋರು ವಿಮಾನ ಕಂಪನಿ ಸೇರಿದೀರಿ! ಒಳ್ಳೆ ಧೈರ್ಯ."

ಅವಳು ಪೊಟ್ಟಣ ಹರಿದಳು. ಮುಸುಕನ್ನು ಬಿಡಿಸಿ, ಕೂದಲ ಗಂಟನ್ನು ಒಳಕ್ಕೆ ತಳ್ಳಿ, ತಲೆಯ ಮೇಲಿಂದ ಇಳಿಸಿಕೊಂಡಳು. ರಬ್ಬರಿನ ಪಟ್ಟಿ ಕತ್ತನ್ನು ಬಿಗಿದು ಕೂತಿತು. ಹೊರಗಿನ ಸದ್ದೆಲ್ಲ ಒಮ್ಮೆಲೇ ದೂರ ಹೋಯಿತು. ದಾರ ಎಳೆದಳು.

ಸುಯ್ಯೆನ್ನಲಿಲ್ಲ.

ಮತ್ತೊಮ್ಮೆ ಎಳೆದಳು. ದಾರ ಕೈಗೇ ಬಂತು. ಡಬ್ಬಿ ಬೆಚ್ಚಗಾಗಬೇಕಿತ್ತು, ಕತ್ತಿನ ಹಿಂದೆ ಅದು ಕಲ್ಲಿನ ಹಾಗೆ ತಣ್ಣಗೆ ಕೂತಿತ್ತು. ಅವಳ ಉಸಿರೇ ಮುಸುಕಿನ ಒಳಮೈಗೆ ಮಂಜಾಗಿ ಕವಿಯಿತು. ಇಸ್ತ್ರಿಯ ಬಿಳಿ ಅಂಗಿ ಮೊದಲು ಮಸುಕಾಯಿತು, ಆಮೇಲೆ ಕಾಣದಾಯಿತು.

ತೆಗೆಯಬಹುದಿತ್ತು. ತೆಗೆಯಲಿಲ್ಲ. ಈ ಮಂಜಿನಲ್ಲಿ, ಇದರ ಹೊರಗೆ ಕಣ್ಣು ಕುರುಡಾಗುವ ಹೊಗೆಯಲ್ಲಿ, ಒಂದು ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು, ಇನ್ನೊಂದರಲ್ಲಿ ಈ ಸತ್ತ ದಾರವನ್ನು ಎಳೆಯುತ್ತಾ ನಿಂತವಳ ಸ್ಥಿತಿ ಏನಿತ್ತು ಎಂಬುದು ತನಗೆ ಗೊತ್ತಾಗಲೇಬೇಕು ಎಂಬ ಹಟ. ಎದೆ ಬಡಿದುಕೊಳ್ಳತೊಡಗಿತು. ತಲೆ ದಿಮ್ಮೆಂದಿತು. ಬಾಯಿ ತಾನಾಗಿ ತೆರೆದುಕೊಂಡು ಗಾಳಿಗಾಗಿ ಮುಸುಕನ್ನೇ ಒಳಗೆಳೆದುಕೊಂಡಿತು. ಮಂಡಿ ಕುಸಿದಾಗ ಛಾಯಾಗ್ರಾಹಕ ಓಡಿಬಂದು ಪಟ್ಟಿ ಹಿಡಿದು ಮುಸುಕು ಕಿತ್ತು ತೆಗೆದ.

ಅವಳು ಆಸನದ ತೋಳು ಹಿಡಿದು ಕೆಮ್ಮಿದಳು. ಇಸ್ತ್ರಿ ನಿಂತಲ್ಲೇ ನಿಂತಿದ್ದ, ಕೈಗಳು ಜೇಬಿನಲ್ಲೇ.

"ನಾನು ಒಳ್ಳೆ ಗಾಳಿಯಲ್ಲಿ ನಿಂತು ಹೀಗಾದೆ," ಎಂದಳು ಮಾತು ಮರಳಿದ ಮೇಲೆ. "ಅವಳು ವಿಷದ ಹೊಗೇಲಿ ನಿಂತಿದ್ಲು. ನಿಮ್ಮ ಕಾಲಿಗೆ ಒಂದು ಹೆಜ್ಜೆ ಮುಂದೆ ಬರೋಕೂ ಅಲರ್ಜಿನಾ?"

"ಒಂದೆರಡು ಕೆಟ್ಟಿರಬಹುದು ಮೇಡಂ, ಇಲ್ಲ ಅನ್ನಲ್ಲ..."

"ಬಾಲದಲ್ಲಿರೋದೂ ಕೆಟ್ಟಿದ್ದು, ಮೂತೀಲಿರೋದೂ ಕೆಟ್ಟಿದ್ದು. ಬಳಸಿ ಬಿಸಾಕಿದ್ದನ್ನ ತಂದು ಪೊಟ್ಟಣ ಮುಚ್ಚಿ ಹೊಸದು ಅಂತ ಇಟ್ಟಿದೀರಿ. ಎಷ್ಟು ವಿಮಾನದಲ್ಲಿಟ್ಟಿದೀರಿ? ಈಗ, ನಾವು ಇಲ್ಲಿ ನಿಂತು ಮಾತಾಡ್ತಿರೋ ಹೊತ್ತಲ್ಲಿ, ಮೇಲೆ ಹಾರ್ತಿರೋದ್ರಲ್ಲಿ ಎಷ್ಟಿದೆ? ಎಲ್ಲಾನೂ ಕೆಳಗಿಳಿಸಿ."

ಈಗ ಇಸ್ತ್ರಿಯ ಮುಖದಲ್ಲಿ ಮೊದಲ ಬಾರಿ ಒಂದು ಸುಕ್ಕು ಕಂಡಿತು. ಭಯದ್ದಲ್ಲ, ಬೇಸರದ್ದು. "ರಜೆಯ ಕಾಲ ಮೇಡಂ. ಸೀಟೆಲ್ಲ ಭರ್ತಿ. ವಿಮಾನ ನಿಲ್ಸೋದು ಅಂದ್ರೆ ಬಸ್ಸಿಗೆ ಕೈ ಅಡ್ಡ ಹಿಡಿದಷ್ಟು ಸುಲಭ ಅಂದ್ಕೊಂಡ್ರಾ? ಆ ಅಧಿಕಾರ ನಿಮಗಿಲ್ಲ. ನಿಮ್ಮ ನಿರ್ದೇಶಕರನ್ನೇ ಕೇಳಿ." ಫೋನು ಹಿಡಿದು ಬಾಗಿಲ ಕಡೆ ನಡೆದ.

ಉಳಿದ ಮುಸುಕುಗಳಿಗೆ ಮೊಹರು ಹಾಕಿಸಿ, ಅವಳು ಏಣಿಯಿಂದ ಇಳಿದು, ವಿಮಾನ ತಂದು ನಿಲ್ಲಿಸಿದ್ದ ಶೆಡ್ಡಿನ ಹೊರಗಿನ ಬಿಸಿಲಿಗೆ ಬರುವಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು. ನಿರ್ದೇಶಕರು. ಅವಳಿಗೆ ಈ ಕೆಲಸದ ಅಆಇಈ ಕಲಿಸಿದವರು, ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವರು.

"ಏನಮ್ಮಾ, ಮುಸುಕು ಹಾಕ್ಕೊಂಡು ನಾಟಕ ಮಾಡಿದೆಯಂತೆ?"

"ನಾಟಕ ಅಲ್ಲ ಸಾರ್, ಪರೀಕ್ಷೆ. ಬಾಲದ್ದೂ ಮೂತೀದೂ ಎರಡು ಮುಸುಕೂ ಸತ್ತಿವೆ. ಇವತ್ತೇ ಅವರ ವಿಮಾನ ಎಲ್ಲಾ ನಿಲ್ಲಿಸ್ಬೇಕು."

ಆ ಕಡೆ ನಿಟ್ಟುಸಿರು. "ನಿಧಾನಮ್ಮಾ. ಸಿಕ್ಕಿದ್ದನ್ನೆಲ್ಲ ತಂದು ನನ್ನ ಮೇಜಿನ ಮೇಲಿಡು. ಮೇಲಿನೋರ ಹತ್ರ ನಾನು ಮಾತಾಡ್ತೀನಿ. ಆಮೇಲೆ ಆ ಮುದುಕನ ತಂಟೆಗೆ ಹೋಗ್ಬೇಡ. ಪೊಲೀಸರು ನೋಡ್ಕೋತಾರೆ."

"ಆ ಮುದುಕ ಏನೂ ಮಾಡಿಲ್ಲ ಸಾರ್."

"ಗೊತ್ತು. ಅದಕ್ಕೇ ಹೋಗ್ಬೇಡ ಅಂದಿದ್ದು."

ಫೋನು ಕಟ್ಟಾಯಿತು. ಮೂಗಮ್ಮ ಅದನ್ನು ಕೈಯಲ್ಲೇ ಹಿಡಿದು ಬಿಸಿಲಲ್ಲಿ ನಿಂತಳು. ಏನೂ ಮಾಡಿಲ್ಲ ಎಂದು ಗೊತ್ತಿದ್ದೂ ಒಬ್ಬ ಮನುಷ್ಯನನ್ನು ಕಂಬಿಯ ಹಿಂದೆ ಕೂರಿಸುವುದು, ಗೊತ್ತಿರುವುದರಿಂದಲೇ ಅವನ ಬಳಿ ಹೋಗಬೇಡ ಅನ್ನುವುದು! ಚಾಲಕನಿಗೆ ಪೊಲೀಸ್ ಠಾಣೆಗೆ ಬಿಡು ಎಂದಳು.

ಠಾಣೆಯ ಜಗಲಿಯ ಮೇಲೆ ಮುದುಕನ ಸೊಸೆ ಕೂತಿದ್ದಳು. ತೊಡೆಯ ಮೇಲೆ ಊಟದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಮೂಗಮ್ಮನನ್ನು ಕಂಡದ್ದೇ ತಡ, ಎದ್ದು ನಿಂತಳು.

"ನೀವು ಮೇಲಿನೋರಾ? ಹಾಗಾದ್ರೆ ನೀವಾದ್ರೂ ಹೇಳಿ. ನಮ್ಮ ಮಾವ ನಿಂತ ಗಡಿಯಾರ ಓಡಿಸೋರು, ಹಾರೋ ವಿಮಾನ ಸುಡೋರಲ್ಲ. ಪೇಪರ್‌ನಲ್ಲಿ ಫೋಟೋ ಹಾಕಿ ನಮ್ಮ ಅಂಗಡಿ ಮುಂದೆ ಜನ ಉಗಿದು ಹೋಗೋ ಹಾಗೆ ಮಾಡಿದಾರೆ. ಊಟ ಕೊಡೋಕೂ ಬಿಡ್ತಿಲ್ಲ. ಅವ್ರಿಗೆ ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ತಲೆ ಸುತ್ತುತ್ತೆ ಅಂದ್ರೆ, 'ಇದು ನಿನ್ನ ಅಡುಗೆಮನೆ ಅಲ್ಲ' ಅಂತಾರೆ!"

"ಡಬ್ಬಿ ಕೊಡಿ," ಎಂದಳು ಮೂಗಮ್ಮ. "ಯಾರು ತಡೀತಾರೋ ನೋಡೋಣ."

ಇನ್‌ಸ್ಪೆಕ್ಟರ್ ತಡೆಯಲಿಲ್ಲ. ಅವಳನ್ನು ಕಂಡು ಎದ್ದು, ಏನೋ ನಿರೀಕ್ಷಿಸಿದ್ದವನಂತೆ ತಲೆಯಾಡಿಸಿ, ಒಳಗಿನ ಕೋಣೆಯ ಬಾಗಿಲನ್ನು ತಾನೇ ತೆರೆದ. ಅಷ್ಟು ಸುಲಭವಾಗಿ ಬಾಗಿಲು ತೆರೆದದ್ದು ಅವಳಿಗೆ ಆಶ್ಚರ್ಯವೇ ಆಯಿತು.

ಗೋಡೆಯ ಸುಣ್ಣ ಹಕ್ಕಳೆ ಎದ್ದ ಕಿರಿದಾದ ಕೋಣೆ. ಎರಡು ಪ್ಲಾಸ್ಟಿಕ್ ಕುರ್ಚಿ, ಕಾಲು ಅಲುಗುವ ಮೇಜು. ಮುದುಕ ಕಿಟಕಿಯ ಕೆಳಗೆ ಕೂತು, ಎಡಗೈ ಮಣಿಕಟ್ಟಿನ ಮೇಲೆ ಗಡಿಯಾರವಿರಬೇಕಾದ ಜಾಗವನ್ನು ಸವರಿಕೊಳ್ಳುತ್ತಿದ್ದ. ಗಡಿಯಾರವನ್ನು ಪೊಲೀಸರು ಬಿಚ್ಚಿಸಿಕೊಂಡಿದ್ದರು. ಅವಳು ಡಬ್ಬಿ ತೆರೆದು ಮುಂದಿಟ್ಟಳು. ಅವನು ಅರ್ಧ ತಿನ್ನುವವರೆಗೆ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಬೆಂಕಿ ನಿಮ್ಮ ಚೀಲದಿಂದ ಹತ್ತಿದ್ದಲ್ಲ ಅಂತ ನನಗೆ ಗೊತ್ತು ತಾತ. ಅದನ್ನ ನಾನು ಸಾಬೀತು ಮಾಡ್ತೀನಿ. ಹೆದರ್ಬೇಡಿ."

"ಚೀಲದ ಮಾತು ಅವ್ರೂ ಕೇಳ್ಲಿಲ್ಲಮ್ಮ," ಎಂದ ಮುದುಕ.

"ಮತ್ತೇನು ಕೇಳಿದ್ರು?"

"ಯಾರ್ ಯಾರಿಗೆ ಹೇಳಿದೀಯಾ ಅಂತ. ಅದೊಂದೇ. ಮತ್ತೆ ಮತ್ತೆ ಅದೊಂದೇ."

ಮೂಗಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಏನನ್ನ ಹೇಳಿದ್ರಿ?"

"ಆ ಮಗಳ ವಿಷ್ಯ. ನನ್ನ ಕಾಲು ಸರಿ ಇಲ್ಲ ನೋಡಿ, ನೂಕುನುಗ್ಗಲಲ್ಲಿ ಹಿಂದೆ ಉಳ್ಕೊಂಡೆ. ಹೊಗೆ ಅಂದ್ರೆ ಹೊಗೆ, ನನ್ನ ಕೈ ನನಗೆ ಕಾಣ್ತಿರ್ಲಿಲ್ಲ. ಇಲ್ಲೇ ಮುಗೀತು ಅಂದ್ಕೊಂಡು ಕಣ್ಮುಚ್ಚಿದೆ. ಆಗ ಯಾರೋ ನನ್ನ ಮೂಗಿಗೆ ಒದ್ದೆ ಬಟ್ಟೆ ಒತ್ತಿದ್ರು. 'ಏಳಿ ತಾತ, ನನ್ನ ಸೊಂಟ ಹಿಡ್ಕೊಳ್ಳಿ' ಅಂದ್ರು. ಮುಂದಿನ ಬಾಗಿಲ ತನಕ ಎಳ್ಕೊಂಡು ಬಂದು, ಜಾರುಬಂಡೇಲಿ ನನ್ನ ತಳ್ಳಿ, ಹಿಂದೇನೇ ತಾನೂ ಜಾರಿದ್ಲು."

"ಯಾರು ತಾತ? ಕಿರಿಯ ಗಗನಸಖಿನಾ?"

"ಅಲ್ಲಮ್ಮ. ದೊಡ್ಡೋಳು. ಪೇಪರ್‌ನಲ್ಲಿ ಫೋಟೋ ಹಾಕಿದಾರಲ್ಲ, ಸತ್ತು ಹೋದ್ಲು ಅಂತ. ಅವಳೇ."

ಫ್ಯಾನು ಕಟಕಟ ಎನ್ನುತ್ತಾ ತಿರುಗುತ್ತಿತ್ತು. ಮೂಗಮ್ಮನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಅಡುಗೆಕೋಣೆಯಲ್ಲಿ, ತಲೆಗೆ ಮುಸುಕು ಸಿಕ್ಕಿಕೊಂಡು ಸತ್ತುಬಿದ್ದಿದ್ದಳು ಎಂದು ಕಂಪನಿ ಹೇಳಿತ್ತು. ಅಲ್ಲಿಂದಲೇ ಶವ ಹೊರಬಂದದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿತ್ತು.

"ತಾತ, ನೆನಪು ಮಾಡ್ಕೊಳ್ಳಿ. ಅವಳು ಹೊರಗೆ ಬಂದ್ಲಾ? ಜೀವಂತ?"

"ನನ್ನ ಪಕ್ಕದಲ್ಲೇ ನಿಂತು ಕೆಮ್ಮಿದ್ಲಮ್ಮ! ಮುಖ ಎಲ್ಲ ಮಸಿ. ಕೈಯಲ್ಲಿ ಆ ಪ್ಲಾಸ್ಟಿಕ್ ಮುಸುಕು ಹಿಡ್ಕೊಂಡು, 'ಕೊಂದುಬಿಡ್ತಿದ್ರು, ಇದನ್ನ ಕೊಟ್ಟು ನಮ್ಮನ್ನ ಕೊಂದುಬಿಡ್ತಿದ್ರು' ಅಂತ ಕೂಗ್ತಿದ್ಲು. ಎಲ್ರಿಗೂ ತೋರಿಸ್ತೀನಿ ಅಂತಿದ್ಲು. ಉಳಿದೋರೆಲ್ಲ ಆಗಲೇ ಹುಲ್ಲಿನ ಕಡೆ ಓಡಿಹೋಗಿದ್ರು. ನಾವಿಬ್ರೇ ಹಿಂದೆ ಇದ್ದಿದ್ದು." ಮುದುಕನ ಕಣ್ಣಲ್ಲಿ ನೀರು ತುಂಬಿತು. "ನನ್ನ ಉಳಿಸಿದೋಳನ್ನ ನಾನೇ ಕೊಂದೆ ಅಂತ ಬರೆದ್ರಲ್ಲಮ್ಮ, ಇವ್ರ ಕೈ ಸೇದಿಹೋಗ!"

"ಆಮೇಲೆ? ಆಮೇಲೆ ಎಲ್ಲಿ ಹೋದ್ಲು?"

"ಒಂದು ಕಾರು ಬಂತು. ಒಬ್ರು ಇಳಿದು, ಆಸ್ಪತ್ರೆಗೆ ಬಾ ಅಂತ ಕೈ ಹಿಡಿದ್ರು. ಅವಳಿಗೆ ಅವ್ರ ಪರಿಚಯ ಇತ್ತು. ಮುಖ ಅರಳ್ತು. 'ಸದ್ಯ, ನೀವೇ ಬಂದ್ರಲ್ಲ ಸಾರ್' ಅಂದ್ಲು. 'ಈ ತಾತನ್ನೂ ಕರ್ಕೊಳ್ಳಿ' ಅಂದ್ಲು. ಇನ್ನೊಂದು ಗಾಡಿ ಬರುತ್ತೆ ಅಂತ ಹೇಳಿ ಅವಳೊಬ್ಬಳನ್ನೇ ಕೂರಿಸಿಕೊಂಡು ಹೋದ್ರು."

"ಯಾರವರು? ಕಂಪನಿಯವರಾ? ಬಿಳಿ ಅಂಗಿ, ಗರಿಗರಿ ಇಸ್ತ್ರಿ?"

ಮುದುಕ ಇಲ್ಲವೆಂದು ತಲೆಯಾಡಿಸಿದ. "ಮುಖ ನೋಡ್ಲಿಲ್ಲ, ಅವ್ರ ಬೆನ್ನಷ್ಟೇ ನನ್ನ ಕಡೆ ಇತ್ತು." ಬೆರಳನ್ನು ಮುಂದೆ ಚಾಚಿ, ಮೂಗಮ್ಮನ ಮೈಮೇಲಿದ್ದ ತನಿಖಾ ಇಲಾಖೆಯ ನೀಲಿ ಜಾಕೆಟ್ಟಿನ ತೋಳನ್ನು ಮುಟ್ಟಿದ. "ಇದೇ ಹಾಕಿದ್ರು. ಇದೇ ಬಣ್ಣ, ಬೆನ್ನ ಮೇಲೆ ಇದೇ ಅಕ್ಷರ."

ಮೂಗಮ್ಮ ತನ್ನ ತೋಳನ್ನೇ ನೋಡಿಕೊಂಡಳು. ಆ ದಿನ ಇಲಾಖೆಯವರಲ್ಲಿ ಮೊದಲು ರನ್‌ವೇ ತಲುಪಿದವಳು ತಾನೇ. ಅವಳು ಬಂದಾಗ ಶವವನ್ನು ಆಗಲೇ ಬಟ್ಟೆಯಲ್ಲಿ ಸುತ್ತಿದ್ದರು. ಅದಕ್ಕೂ ಮುಂಚೆ ಇಲಾಖೆಯವರು ಯಾರೂ ಬಂದಿರಲಿಲ್ಲ. ಬಂದಿರಲಿಲ್ಲ ಎಂದು ಅವಳಿಗೆ ಹೇಳಲಾಗಿತ್ತು.

ಬಾಗಿಲು ತೆರೆದು ಇನ್‌ಸ್ಪೆಕ್ಟರ್ ಇಣುಕಿದ.

"ಆಯ್ತಾ ಮೇಡಂ? ನಿಮ್ಮ ಇಲಾಖೆಯ ಗಾಡಿ ಬಂತು. ಮುದುಕನ್ನ ಕಳಿಸಿಕೊಡ್ಲಾ?"

"ಗಾಡಿನಾ? ಎಲ್ಲಿಗೆ?"

"ನಿಮ್ಮ ವಶಕ್ಕೆ." ಅವನು ಗೊಂದಲದಿಂದ ಅವಳನ್ನೇ ನೋಡಿದ. "ಆಗಲೇ ನೀವೇ ಫೋನ್ ಮಾಡಿ ಹೇಳಿದ್ರಲ್ಲ ಮೇಡಂ. ನಾನು ಬಂದು ಎರಡು ಮಾತಾಡ್ತೀನಿ, ಆಮೇಲೆ ಗಾಡಿ ಬರುತ್ತೆ, ಕಳಿಸಿಬಿಡಿ ಅಂತ. ನಿಮ್ಮದೇ ದನಿ."

ಮೂಗಮ್ಮ ಯಾರಿಗೂ ಫೋನ್ ಮಾಡಿರಲಿಲ್ಲ. ಗಗನಸಖಿಯನ್ನೂ ಹೀಗೇ ಒಂದು ಗಾಡಿ ಬಂದು ಒಯ್ದಿತ್ತು.

ಮೊಗಸಾಲೆಯಲ್ಲಿ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು. ಅವಳು ಇನ್‌ಸ್ಪೆಕ್ಟರನ ತೋಳು ಹಿಡಿದು ಕೋಣೆಯೊಳಕ್ಕೆ ಎಳೆದುಕೊಂಡು, ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದಳು.